ಗೆಳೆಯನ ಮನೆ ಎಂಬ ಸುಳ್ಳು

“ದುಬೈಯಲ್ಲಿ ಮೂರು ದಿನ ಗೆಳೆಯನ ಮನೆಯಲ್ಲಿದ್ದೆ.”

ಎರಡು ವರ್ಷದ ಹಿಂದೆ ನಾನು ಬರೆದ ಪ್ರವಾಸ ಪ್ರಬಂಧವೊಂದರ ಮೊದಲ ವಾಕ್ಯ ಇದು. ಇದರಲ್ಲಿ ದುಬೈ ನಿಜ, ಮೂರು ದಿನ ನಿಜ, ಗೆಳೆಯನೂ ನಿಜ. ಮನೆ ಮಾತ್ರ ಸುಳ್ಳು.

ಆ ಸುಳ್ಳನ್ನು ಹೇಗೆ ಬರೆದೆ, ಯಾಕೆ ಬರೆದೆ ಎಂದು ಹೇಳುವುದಕ್ಕೆ ಈ ಲೇಖನ. ಇದು ನನ್ನೊಬ್ಬನ ತಪ್ಪಾಗಿದ್ದರೆ ಗೆಳೆಯನ ಹತ್ತಿರ ಹೇಳಿಕೊಂಡು ಸುಮ್ಮನಾಗುತ್ತಿದ್ದೆ. ಕನ್ನಡದಲ್ಲಿ ಈಗ ವಾರವಾರವೂ ಬರುತ್ತಿರುವ ವಿದೇಶ ಪ್ರವಾಸದ ಬರಹಗಳಲ್ಲಿ ಬಹುಪಾಲು ಇಂಥದ್ದೇ ಸುಳ್ಳಿನ ಮೇಲೆ ನಿಂತಿವೆ ಎಂಬುದು ನನ್ನ ತಕರಾರು. ಪ್ರವಾಸಕಥನವೇ ನನ್ನ ಪಿಎಚ್.ಡಿ. ವಿಷಯ. ಹಾಗಾಗಿ ಇವನ್ನೆಲ್ಲ ಬಿಡದೆ ಓದುತ್ತೇನೆ, ಓದಿ ಕಾರ್ಡು ಬರೆದಿಡುತ್ತೇನೆ. ಆ ಕಾರ್ಡುಗಳ ನಡುವೆ ಒಂದು ದಿನ ನನ್ನ ಪ್ರಬಂಧಕ್ಕೂ ಒಂದು ಕಾರ್ಡು ಬರೆಯಬೇಕಾಗಿ ಬಂತು.

ನಾನು ಚಾಮರಾಜನಗರದವನು. ಮೈಸೂರಿನಿಂದ ಬರುವ ರೈಲು ಹಳಿ ನಮ್ಮೂರಿಗೆ ಬಂದು ಮುಗಿದುಹೋಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಪಾಸ್‌ಪೋರ್ಟ್ ಮಾಡಿಸಿದ ಮೊದಲಿಗ ನಾನು. ಜರ್ಮನಿಯಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ಕರೆ ಬಂದಿತ್ತು, ಖರ್ಚನ್ನು ಕರೆದವರೇ ಕೊಟ್ಟಿದ್ದರು. ವಾಪಸು ಬರುವ ವಿಮಾನ ದುಬೈ ಮೇಲೆ ಹಾದು ಬರುತ್ತಿತ್ತು. 96 ಗಂಟೆಯ ಟ್ರಾನ್ಸಿಟ್ ವೀಸಾ ಮಾಡಿಸಿಕೊಂಡು ಅಲ್ಲಿ ಇಳಿದೆ. ಕಾರಣ, ಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ ಗೆಳೆಯ ಅಲ್ಲಿದ್ದ. ಗುಂಡ್ಲುಪೇಟೆ ತಾಲ್ಲೂಕು, ತೆರಕಣಾಂಬಿ ಕಡೆಯ ಹಳ್ಳಿಯವನು. ನನಗಿಂತ ಚೆನ್ನಾಗಿ ಹಳಗನ್ನಡ ಓದುತ್ತಿದ್ದವನು. ಎಂ.ಎ. ಮುಗಿಸಿ ಎರಡು ವರ್ಷ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡಿ, ತಿಂಗಳುಗಟ್ಟಲೆ ತಡವಾಗಿ ಬರುವ ಸಂಬಳಕ್ಕೆ ಕಾದು ಸಾಕಾಗಿ, ಕಟ್ಟಡಕ್ಕೆ ಹಾಸುವ ಕಲ್ಲು ಮಾರುವ ಗೋಡೌನೊಂದರಲ್ಲಿ ಸ್ಟಾಕ್ ಬರೆಯುವ ಕೆಲಸ ಹಿಡಿದು ಹೋಗಿದ್ದ.

ಆ ಮೂರು ದಿನ ನಾನು ಕಂಡ ದುಬೈ ನಿಜಕ್ಕೂ ಜೀವ ತುಂಬಿದ ಊರು. ದೇರಾದ ಬೀದಿಗಳಲ್ಲಿ ರಾತ್ರಿ ಹನ್ನೊಂದಕ್ಕೂ ಮೈಗೆ ಮೈ ತಾಗುವಷ್ಟು ಜನ. ಮಲಯಾಳ, ಉರ್ದು, ತಮಿಳು, ಬಂಗಾಳಿ, ಪಷ್ತೋ ಎಲ್ಲ ಒಂದೇ ಚಹಾದಂಗಡಿಯ ಮುಂದೆ. ಮಸಾಲೆ ಬೀದಿಯಲ್ಲಿ ಕೇಸರಿ, ಒಣಗಿದ ನಿಂಬೆ, ಸಾಂಬ್ರಾಣಿಯ ವಾಸನೆ. ಕ್ರೀಕ್ ಎಂದು ಕರೆಯುವ ಉಪ್ಪುನೀರಿನ ಕಾಲುವೆಯನ್ನು ದಾಟಿಸುವ ಮರದ ದೋಣಿಗೆ ಅಬ್ರಾ ಅನ್ನುತ್ತಾರೆ. ಒಂದು ದಿರ್ಹಮ್ ಕೊಟ್ಟರೆ ದೇರಾದಿಂದ ಬರ್ ದುಬೈ ದಡಕ್ಕೆ ಬಿಡುತ್ತಾರೆ. 2009ರಲ್ಲಿ ಶುರುವಾದ, ಡ್ರೈವರೇ ಇಲ್ಲದ ಮೆಟ್ರೋದಲ್ಲಿ ಚಿಕ್ಕ ಹುಡುಗನ ಹಾಗೆ ಕಿಟಕಿಗೆ ಮೂಗು ಒತ್ತಿ ನಿಂತಿದ್ದೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಕೆಳಗೆ ನಿಂತು ಕತ್ತು ನೋಯಿಸಿಕೊಂಡೆ. ಆ ಖುಷಿಯನ್ನು ನಾನು ಇವತ್ತೂ ಅಲ್ಲಗಳೆಯುವುದಿಲ್ಲ.

ಊರಿಗೆ ಬಂದು ಎಲ್ಲವನ್ನೂ ಬರೆದೆ. ಅಬ್ರಾ ಬಂತು, ಕೇಸರಿ ಬಂತು, ಕತ್ತುನೋವು ಬಂತು. ರಸ್ತೆಯಲ್ಲಿ ಒಂದು ಕಾಗದದ ಚೂರೂ ಇಲ್ಲ ಎಂದು ಬರೆದು, ಅದರ ಪಕ್ಕಕ್ಕೇ ನಮ್ಮ ಚಾಮರಾಜನಗರದ ಬಸ್‌ಸ್ಟ್ಯಾಂಡನ್ನು ತಂದು ನಿಲ್ಲಿಸಿ ಒಂದು ನಗೆ ಎಬ್ಬಿಸಿದೆ. ಮಧ್ಯಾಹ್ನದ ಹೊತ್ತು ಮೇಲ್ಸೇತುವೆಯ ನೆರಳಿನ ಹುಲ್ಲಿನ ಮೇಲೆ ಸಾಲಾಗಿ ಮಲಗಿದ್ದವರನ್ನು ಕಂಡು, ಇಷ್ಟು ಓಟದ ನಗರದಲ್ಲೂ ನಿಶ್ಚಿಂತೆಯಿಂದ ಕಣ್ಣು ಮುಚ್ಚುವವರಿದ್ದಾರೆ ಎಂದು ಒಂದು ತತ್ವದ ಮಾತು ಸೇರಿಸಿದೆ. ಪ್ರಬಂಧ ಪ್ರಕಟವಾಯಿತು. ಮೇಷ್ಟ್ರುಗಳು ಹಂಚಿಕೊಂಡರು. “ನಮ್ಮನ್ನೂ ದುಬೈಗೆ ಕರಕೊಂಡು ಹೋದಿರಿ” ಎಂದು ಗೊತ್ತಿಲ್ಲದವರು ಬರೆದರು.

ಹತ್ತು ದಿನ ಬಿಟ್ಟು ಗೆಳೆಯ ಫೋನ್ ಮಾಡಿದ.

“ಓದ್ದಿ ಕನೊ. ಚೆನ್ನಾಗದ. ಓದುಸ್ಕೊಂಡು ಓಯ್ತದ,” ಅಂದ. ಆಮೇಲೆ ಸ್ವಲ್ಪ ತಡೆದು, “ಆದ್ರ ಅದ್ರೊಳ್ಗ ನಾನು ಎಲ್ಲಿವ್ನಿ?”

ನಾನು ನಕ್ಕೆ. ಇದ್ದೀಯಲ್ಲೋ, ಎಲ್ಲ ಕಡೆ ನೀನೇ ಇದ್ದೀಯ ಅಂದೆ. ಫೋನಿಟ್ಟ ಮೇಲೆ ಪ್ರಬಂಧ ತೆಗೆದು ನೋಡಿದೆ. ಅವನು ನಾಲ್ಕು ಕಡೆ ಇದ್ದ. ವಿಮಾನ ನಿಲ್ದಾಣಕ್ಕೆ ಬಂದ. ಮೆಟ್ರೋ ಕಾರ್ಡಿಗೆ ದುಡ್ಡು ಹಾಕಿಸಿದ. ಅನ್ನ ಸಾರು ಮಾಡಿದ. ವಾಪಸು ಬಿಟ್ಟು ಬಂದ. ನಾಲ್ಕೂ ವಾಕ್ಯಗಳಲ್ಲಿ ಅವನ ಕ್ರಿಯಾಪದಗಳು ನನ್ನ ಸಲುವಾಗಿಯೇ ಇದ್ದವು. ಆರು ವರ್ಷದಿಂದ ಆ ಊರಿನಲ್ಲಿರುವ, ಕವಿತೆಯ ಕಿವಿಯಿರುವ ಒಬ್ಬ ಮನುಷ್ಯ ಆ ಊರನ್ನು ಹೇಗೆ ಕಾಣುತ್ತಾನೆ ಎಂಬುದು ಎಲ್ಲೂ ಇರಲಿಲ್ಲ. ನಾನು ಕೇಳಿರಲೂ ಇಲ್ಲ.

ಉಳಿದದ್ದು ತಿಳಿದದ್ದು ಕಳೆದ ವರ್ಷ ಆಗಸ್ಟಿನಲ್ಲಿ, ಅವನು ರಜೆಯ ಮೇಲೆ ಬಂದಾಗ. ಚಾಮರಾಜನಗರದಿಂದ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದೆ. ಅಲ್ಲಿಂದ ಎರಡು ದಾರಿ ಕಾಡಿನೊಳಕ್ಕೆ ಹೋಗುತ್ತವೆ. ಒಂದು ಬಂಡೀಪುರದ ಮೇಲೆ ಊಟಿಗೆ, ಇನ್ನೊಂದು ಮದ್ದೂರು ಚೆಕ್‌ಪೋಸ್ಟ್ ದಾಟಿ ವಯನಾಡಿಗೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವೇ ಬಸ್ಸು ಮತ್ತು ತುರ್ತಿನ ವಾಹನಗಳನ್ನು ಬಿಟ್ಟರೆ, ಎರಡೂ ಮುಚ್ಚಿರುತ್ತವೆ, 2009ರಿಂದ ಹಾಗೇ. ಊಟಿ ರಸ್ತೆಯ ಪಕ್ಕದ ಒಂದು ಚಹಾದಂಗಡಿಯಲ್ಲಿ ಕೂತೆವು. ಸೂರ್ಯಕಾಂತಿ ಅರಳಿದ್ದ ಕಾಲ. ಎದುರಿನ ಹೊಲಕ್ಕೆ ಕೇರಳದ ಕಾರುಗಳು ಬಂದು ನಿಲ್ಲುತ್ತಿದ್ದವು. ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಹೊಲದ ಹೆಂಗಸು ಒಳಗೆ ಹೋಗುವವರಿಂದ ದುಡ್ಡು ಇಸಿದುಕೊಳ್ಳುತ್ತಿದ್ದಳು.

ಅದನ್ನು ನೋಡುತ್ತಲೇ ಅವನು ಹೇಳಿದ. ನಾನು ದೇರಾದಲ್ಲಿ ಮಲಗಿದ ಕೋಣೆ ನೆನಪಿದೆ ತಾನೆ? ನೆನಪಿತ್ತು. ಒಂದು ಕೋಣೆ, ನಾಲ್ಕು ಎರಡಂತಸ್ತಿನ ಮಂಚ, ಎಂಟು ಜನ. ಒಂದೊಂದು ಮಂಚಕ್ಕೂ ಒಂದೊಂದು ಪರದೆ. ಕಾಲಿನ ಕಡೆ ಗೋಡೆಗೆ ಹೊಡೆದ ಮೊಳೆಗಳಲ್ಲಿ ಅಂಗಿ. ಅದಕ್ಕೆ ಅಲ್ಲಿ ಬೆಡ್‌ಸ್ಪೇಸ್ ಅನ್ನುತ್ತಾರೆ. ಬಾಡಿಗೆ ಕೊಡುವುದು ಕೋಣೆಗಲ್ಲ, ಹಾಸಿಗೆಗೆ. ಕೋಣೆಯನ್ನು ಹಿಡಿದು ಒಳಬಾಡಿಗೆಗೆ ಕೊಟ್ಟಿದ್ದವನು ಎಂಟರ ಮೇಲೆ ಒಂಬತ್ತನೆಯ ತಲೆ ಕೂಡದು ಅಂದಿದ್ದ. ಆ ಮೂರು ರಾತ್ರಿ “ಹಗಲು ರಜ ಸಿಕ್ಕದ, ಅದ್ಕ ರಾತ್ರ ಗೋಡೌನಲ್ಲಿರ್ಬೇಕು” ಎಂದು ಹೇಳಿ ಹೋಗುತ್ತಿದ್ದವನು ಕೆಲಸಕ್ಕೆ ಹೋಗುತ್ತಿರಲಿಲ್ಲ. ಗೋಡೌನಿನ ಕಾವಲುಗಾರನ ಕ್ಯಾಬಿನ್ನಿನಲ್ಲಿ ರಟ್ಟು ಹಾಸಿಕೊಂಡು ಮಲಗುತ್ತಿದ್ದ. ಹಗಲು ನನ್ನನ್ನು ಸುತ್ತಿಸಿದ ಎರಡು ದಿನಗಳ ಸಂಬಳ ಕಡಿತವಾಗಿತ್ತು.

“ಯಾಕ್ಲಾ ಹೇಳ್ಲಿಲ್ಲ?” ಅಂದೆ.

“ನೀ ಕೇಳ್ಲಿಲ್ವಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹೊಳೆದದ್ದು ಇಷ್ಟು. ಕ್ಯಾಬಿನ್ನಿನ ವಿಷಯ ನನಗೆ ಗೊತ್ತಿರಲಿಲ್ಲ, ಸರಿ. ಆದರೆ ಎಂಟು ಮಂಚದ ಕೋಣೆಯನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡೂ “ಗೆಳೆಯನ ಮನೆ” ಎಂದು ಬರೆದೆ. ಯಾಕೆಂದರೆ ನಾನು ಓದಿಕೊಂಡು ಬಂದ ಪ್ರವಾಸ ಪ್ರಬಂಧಗಳಲ್ಲಿ ವಿದೇಶದ ಗೆಳೆಯನಿಗೆ ಮನೆ ಇರುತ್ತದೆ. ಹುಲ್ಲಿನ ಮೇಲೆ ನಿಶ್ಚಿಂತೆಯಿಂದ ಮಲಗಿದ್ದವರ ಬಗ್ಗೆಯೂ ಅವನು ಅಂದೇ ಹೇಳಿದ. ನಾನು ಹೋಗಿದ್ದು ಸೆಪ್ಟೆಂಬರ್ ಮೊದಲ ವಾರ. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂದು ಕಾನೂನಿದೆ. ಮೇಲ್ಸೇತುವೆಯ ಕೆಳಗೆ ಮಲಗಿದ್ದವರು ಬೆಳಗಿನ ಜಾವದಿಂದ ಕಬ್ಬಿಣ ಕಟ್ಟಿ ಬಂದವರು. ಮೂರಕ್ಕೆ ಎದ್ದು ಮತ್ತೆ ಕಬ್ಬಿಣದ ಹತ್ತಿರ ಹೋಗುವವರು. ಅವರ ಆ ಎರಡೂವರೆ ಗಂಟೆಯನ್ನು ನಾನು ನಿಶ್ಚಿಂತೆ ಎಂದು ಓದಿದ್ದೆ, ಓದುಗರಿಗೂ ಓದಿಸಿದ್ದೆ.

ಇನ್ನೊಂದು ಸಂಗತಿ. ಎರಡನೆಯ ದಿನ ಅವನು ನನ್ನನ್ನು ಗೋಡೌನಿಗೆ ಕರೆದುಕೊಂಡು ಹೋಗಿದ್ದ. ಸಾಲಾಗಿ ನಿಲ್ಲಿಸಿದ್ದ ಹಲಗೆಗಳ ನಡುವೆ ಒಂದು ಕಪ್ಪು ಹಲಗೆಯ ಮೇಲೆ ಅಂಗೈ ಇಟ್ಟು, “ಇದು ನಮ್ಮೂರ್ಕಡೆ ಕಲ್ಲು ಕನೊ” ಎಂದಿದ್ದ. ಚಾಮರಾಜನಗರದ ಕರಿಕಲ್ಲು ಗೊತ್ತಿಲ್ಲದವರಿಲ್ಲ. ಜಪಾನಿನ, ಯುರೋಪಿನ ಸಮಾಧಿಗಳ ಮೇಲೂ ಅದು ಹೋಗಿ ನಿಂತಿದೆ. ನಮ್ಮ ನೆಲ ಬಗೆದು ತೆಗೆದ ಕಲ್ಲಿಗೆ, ನಮ್ಮ ನೆಲದಲ್ಲಿ ಓದಿದವನೊಬ್ಬ ಅಷ್ಟು ದೂರದಲ್ಲಿ ಲೆಕ್ಕ ಬರೆಯುತ್ತಿದ್ದ. ನನ್ನ ಪ್ರಬಂಧದಲ್ಲಿ ಬರೆಯಬೇಕಾಗಿದ್ದದ್ದೇ ಅದು. ನಾನು ಬರೆಯಲಿಲ್ಲ. ಆ ಗೋಡೌನು ದುಬೈ ಅನ್ನಿಸಲಿಲ್ಲ.

ಈಗ ನನ್ನ ಕಾರ್ಡುಗಳಿಗೆ ಬರುತ್ತೇನೆ. ಈಚಿನ ವಿದೇಶ ಪ್ರವಾಸದ ಪ್ರಬಂಧಗಳನ್ನು ಒಟ್ಟಿಗಿಟ್ಟು ಓದಿದರೆ ಊರಿನ ಹೆಸರು ಬದಲಾಯಿಸಿಯೂ ಓದಬಹುದು ಅನ್ನಿಸುತ್ತದೆ. ವಿಮಾನ ಇಳಿಯುವಾಗ ಕೆಳಗೆ ದೀಪಗಳು ಕಾಣಿಸುತ್ತವೆ. ಗೆಳೆಯ ಅಥವಾ ಗೆಳತಿ ಕಾರು ತಂದು ಕಾಯುತ್ತಿರುತ್ತಾರೆ. ಮನೆಯಲ್ಲಿ ಉಪ್ಪಿಟ್ಟೋ ಬಿಸಿಬೇಳೆಬಾತೋ ಆಗಿರುತ್ತದೆ, ಪರದೇಶದಲ್ಲೂ ನಮ್ಮ ರುಚಿ ಎಂದು ಕಣ್ಣು ತೇವವಾಗುತ್ತದೆ. ಮರುದಿನದಿಂದ ಸೇತುವೆ, ಮ್ಯೂಸಿಯಂ, ಮಾರುಕಟ್ಟೆ. ಅಲ್ಲಿಯವರ ಶಿಸ್ತು, ಇಲ್ಲಿಯವರ ಅಶಿಸ್ತು. ಒಬ್ಬ ಟ್ಯಾಕ್ಸಿ ಚಾಲಕ ಅಥವಾ ಒಬ್ಬ ಹೂ ಮಾರುವ ಮುದುಕಿ ಒಂದು ಜೀವನದರ್ಶನ ಹೇಳಿ ಹೋಗುತ್ತಾರೆ. ಕೊನೆಗೆ ವಿಮಾನ ನಿಲ್ದಾಣದಲ್ಲಿ ಅಪ್ಪುಗೆ. ಇಡೀ ಬರಹದಲ್ಲಿ ವೀಸಾ ಹೇಗೆ ಸಿಕ್ಕಿತು, ಟಿಕೇಟಿಗೆ ಯಾರು ದುಡ್ಡು ಕೊಟ್ಟರು, ಆ ಗೆಳೆಯ ಅಲ್ಲಿ ಏನು ಕೆಲಸ ಮಾಡುತ್ತಾನೆ, ಎಷ್ಟು ಗಂಟೆ ಮಾಡುತ್ತಾನೆ, ಅವನಿಗೆ ಊರಿಗೆ ಬರಬೇಕೆನ್ನಿಸಿದಾಗ ಬರುವುದಕ್ಕಾಗುತ್ತದೆಯೇ, ಒಂದು ಮಾತಿಲ್ಲ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುವ ಹಾಗೆ ಗೆಳೆಯನನ್ನು ಪ್ರಬಂಧದ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುತ್ತೇವೆ.

ಹಳಬರು ಎಲ್ಲವನ್ನೂ ಸರಿಯಾಗಿ ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ಅವರ ಪುಸ್ತಕಗಳ ಹೆಸರನ್ನಷ್ಟೇ ನೋಡಿ. ಜಿ.ಎಸ್. ಶಿವರುದ್ರಪ್ಪನವರದು ‘ಮಾಸ್ಕೋದಲ್ಲಿ 22 ದಿನ’. ನಾನು ಅಲ್ಲಿದ್ದದ್ದು ಇಷ್ಟೇ ದಿನ, ನನ್ನ ತಿಳಿವಳಿಕೆಯನ್ನು ಅದರೊಳಗೇ ಅಳೆಯಿರಿ ಎಂದು ರಕ್ಷಾಪುಟವೇ ಹೇಳುತ್ತದೆ. ಎ.ಎನ್. ಮೂರ್ತಿರಾಯರದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ನೋಡುತ್ತಿರುವ ಕಣ್ಣಿಗೆ ವಯಸ್ಸಾಗಿದೆ ಎಂದು ಮೊದಲೇ ಒಪ್ಪಿಕೊಂಡಿದ್ದಾರೆ. ಕೃಷ್ಣಾನಂದ ಕಾಮತರದು ‘ನಾನೂ ಅಮೇರಿಕೆಗೆ ಹೋಗಿದ್ದೆ’. ಆ ‘ನಾನೂ’ ಎಂಬಲ್ಲಿಯ ದೀರ್ಘದಲ್ಲಿ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ವಿದ್ಯಾರ್ಥಿಯೊಬ್ಬ ಇದ್ದಾನೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕಾದಲ್ಲಿ ಗೊರೂರು’ ಎಂಬ ಹೆಸರಿನಲ್ಲಿ ಲೇಖಕರ ಜೊತೆಗೆ ಅವರ ಹಳ್ಳಿಯೂ ಹಡಗೋ ವಿಮಾನವೋ ಹತ್ತಿ ಹೋಗಿದೆ. ಯಾರು ನೋಡುತ್ತಿದ್ದಾರೆ, ಎಲ್ಲಿಂದ ಬಂದು ನೋಡುತ್ತಿದ್ದಾರೆ ಎಂಬುದನ್ನು ಇವರು ಮುಚ್ಚಿಡಲಿಲ್ಲ. ನಾವು ಬರೆಯುವಾಗ ಕಣ್ಣಿಗೆ ಊರಿಲ್ಲ, ವಯಸ್ಸಿಲ್ಲ, ಜೇಬಿಲ್ಲ.

ಇನ್ನೊಬ್ಬನ ಹೆಸರನ್ನೂ ಹೇಳುತ್ತೇನೆ, ಯಾರಿಗಾದರೂ ಸಿಟ್ಟು ಬಂದರೆ ಬರಲಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಲು ಹೊರಟ. ಕಂಪನಿಯ ನೌಕರ, ಗೆದ್ದ ನೆಲದಲ್ಲಿ ಏನೇನು ಸಿಗುತ್ತದೆ ಎಂದು ನೋಡಿ ಬರುವುದೇ ಅವನ ಕೆಲಸ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಅಹಂಕಾರಕ್ಕೆ ಕೊರತೆಯಿಲ್ಲ. ಆದರೂ ಅವನು ಹೋದ ಕಡೆಯೆಲ್ಲ ಆಳಿಗೆ ಕೂಲಿ ಎಷ್ಟು, ಹೊಲಕ್ಕೆ ಬಿತ್ತನೆ ಎಷ್ಟು, ಅಳತೆ ಯಾವುದು ಎಂದು ಕೇಳಿ ಬರೆದುಕೊಂಡ. ಸುಲಿಯಲು ಬಂದವನು ಕೇಳಿದಷ್ಟು ಪ್ರಶ್ನೆಯನ್ನು ಗೆಳೆಯನಾಗಿ ಹೋದ ನಾನು ಕೇಳಲಿಲ್ಲ.

ಚಾಮರಾಜನಗರದವರಾದ ನಮಗೆ ಈ ವಿಷಯ ಬೇರೆಯವರಿಗಿಂತ ಬೇಗ ಅರ್ಥವಾಗಬೇಕಿತ್ತು. ಬಂದು ಹೋಗುವವರ ಕಣ್ಣಿಗೆ ಬಿದ್ದು ಬದುಕಿದ ಜಿಲ್ಲೆ ನಮ್ಮದು. ಈ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂಬ ಮೂಢನಂಬಿಕೆಗೆ ಹೆದರಿ ಮುಖ್ಯಮಂತ್ರಿಗಳೇ ವರ್ಷಗಟ್ಟಲೆ ಇತ್ತ ಸುಳಿಯುತ್ತಿರಲಿಲ್ಲ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಅದರ ಉದ್ಘಾಟನೆ ಕೂಡ ಜಿಲ್ಲಾ ಕೇಂದ್ರದಲ್ಲಿ ಆಗಲಿಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ ಆಯಿತು. ರಾಜಧಾನಿಯಿಂದ ಬಂದು ಬರೆಯುವವರಿಗೆ ನಾವು ‘ಹಿಂದುಳಿದ ಜಿಲ್ಲೆ’. ಊಟಿಗೆ ಹೋಗುವವರಿಗೆ ಗುಂಡ್ಲುಪೇಟೆ ಎಂದರೆ ಚಹಾ ಕುಡಿಯುವ ಜಾಗ. ಓಣಂ ಹೊತ್ತಿಗೆ ಬರುವವರಿಗೆ ಹೂವಿನ ಬಯಲು. ಆ ಸೂರ್ಯಕಾಂತಿ ಎಣ್ಣೆಗೆ ಬೆಳೆದದ್ದು, ಪಕ್ಕದ ಹೊಲದ ಚೆಂಡುಹೂ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವುದು, ಎರಡಕ್ಕೂ ಬೆಲೆ ಬಿದ್ದರೆ ಮುಂದಿನ ವರ್ಷ ಆ ಹೊಲದವನೇ ಕೊಡಗಿನ ತೋಟಕ್ಕೋ ವಯನಾಡಿನ ಮೆಣಸು ಬಿಡಿಸುವುದಕ್ಕೋ ಹೋಗುವುದು, ಇದು ಯಾರ ಫೋಟೋದಲ್ಲೂ ಬರುವುದಿಲ್ಲ. ಗಿಡ ತುಳಿದು ಹೋದರು ಎಂದು ನಾವು ಬೈದುಕೊಳ್ಳುತ್ತೇವೆ. ದೇರಾದ ಆ ಕೋಣೆಯಲ್ಲಿ ನಾನು ಮಾಡಿದ್ದೂ ಅದೇ. ಒಂದು ವ್ಯತ್ಯಾಸವೆಂದರೆ ಹೊಲಕ್ಕೆ ಇಳಿದವರು ಬದುವಿನ ಮೇಲೆ ಕೂತ ಹೆಂಗಸಿಗೆ ದುಡ್ಡು ಕೊಟ್ಟು ಇಳಿದರು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡನ್ನೂ ನನ್ನ ಸ್ನೇಹಿತರೇ ನನ್ನ ಮುಂದೆ ಇಟ್ಟಿದ್ದಾರೆ.

ಮೊದಲನೆಯದು: ಪ್ರವಾಸವೆಂದರೆ ಸಂತೋಷ, ಅದರಲ್ಲೂ ಕೂಲಿ ಲೆಕ್ಕ ಹುಡುಕಿದರೆ ಪ್ರಬಂಧ ವರದಿಯಾಗುತ್ತದೆ, ಓದುವುದು ಯಾರು? ನನ್ನ ಉತ್ತರ ಸುಲಭ. ಎಂಟು ಪರದೆಗಳ ಆ ಕೋಣೆಯಲ್ಲಿ ರಾತ್ರಿ ಎಂಟು ಫೋನುಗಳಲ್ಲಿ ಎಂಟು ಊರಿನ ಮಕ್ಕಳು ಮಾತಾಡುತ್ತಿದ್ದವು. ಬುರ್ಜ್ ಖಲೀಫಾಕ್ಕಿಂತ ಅದು ಕಡಿಮೆ ಸ್ವಾರಸ್ಯದ್ದೇ? ಸೊಗಸಾದದ್ದನ್ನು ಬಿಟ್ಟು ಲೆಕ್ಕ ಬರೆಯಿರಿ ಎಂದು ನಾನು ಕೇಳುತ್ತಿಲ್ಲ. ಕಣ್ಣ ಮುಂದಿದ್ದ ಸೊಗಸನ್ನೇ ಕಳೆದುಕೊಂಡೆವಲ್ಲ ಎನ್ನುವುದು ನನ್ನ ಸಂಕಟ.

ಎರಡನೆಯದು ಸುಲಭವಲ್ಲ. ಗೆಳೆಯನ ಕಷ್ಟವನ್ನು ಊರ ಮುಂದೆ ಹರಡುವ ಹಕ್ಕು ನಿನಗೆ ಯಾರು ಕೊಟ್ಟರು? ಅವನು ಮುಚ್ಚಿಟ್ಟದ್ದನ್ನು ನೀನು ಬಿಚ್ಚಿದರೆ ಅದು ಯಾವ ಸ್ನೇಹ? ಈ ಪ್ರಶ್ನೆ ನನ್ನನ್ನು ನಿದ್ದೆಗೆಡಿಸಿತು. ಯಾಕೆಂದರೆ ನನ್ನ ಸುಳ್ಳಿನಿಂದ ಒಬ್ಬರಿಗೆ ನಿಜವಾದ ಸಂತೋಷವಾಗಿತ್ತು. ಗೆಳೆಯನ ತಾಯಿ ಓದಿದವರಲ್ಲ. ಪಕ್ಕದ ಮನೆಯ ಹುಡುಗಿಯಿಂದ ಪ್ರಬಂಧ ಓದಿಸಿಕೇಳಿ, ‘ಗೆಳೆಯನ ಮನೆ’ ಎಂಬಲ್ಲಿ ನಿಲ್ಲಿಸಿ, ಇನ್ನೊಂದು ಸಲ ಓದು ಅಂದಿದ್ದರಂತೆ. ಮಗನಿಗೆ ಅಲ್ಲಿ ಮನೆ ಇದೆ! ಊರಿನವರಿಗೆಲ್ಲ ಹೇಳಿದ್ದರಂತೆ. ನಾನು ನಿಜ ಬರೆಯಹೊರಟರೆ ಮೊದಲು ಬೀಳುವುದು ಆ ತಾಯಿ ಕಟ್ಟಿಕೊಂಡ ಮನೆ.

ಆ ದಿನ ಚಹಾದಂಗಡಿಯಲ್ಲಿ ಅದನ್ನೂ ಕೇಳಿದೆ. ಬರೆಯಲೇ, ಬೇಡವೇ?

“ಬರಿ. ಹೆಸ್ರು ಹಾಕ್ಬ್ಯಾಡ,” ಅಂದ. “ಅವ್ವುನ್ಗ ನಾನೇ ಹೇಳ್ತೀನಿ. ನೀನೂ ಬಾ.”

ಅವನ ಹಳ್ಳಿಗೆ ಹೋಗುವ ದಾರಿಯಲ್ಲಿ ನನಗೆ ನೆನಪಾದದ್ದು ಸಂಕಮ್ಮ. ನಮ್ಮ ಸೀಮೆಯವರಿಗೆ ಆ ಕಥೆ ಹೇಳಬೇಕಾಗಿಲ್ಲ. ದೇವರಗುಡ್ಡರು ಹಾಡುವ ಮಾದೇಶ್ವರನ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಎಂದೇ ಒಂದು ಭಾಗವಿದೆ. ಗಂಡ ನೀಲೇಗೌಡನ ಅನುಮಾನಕ್ಕೆ ಸಿಕ್ಕಿ ಕಾಡಿನ ಗುಡಿಸಿಲಿನಲ್ಲಿ ಒಂಟಿಯಾಗಿ ನರಳುವ ಹೆಂಗಸು ಅವಳು. ಅಲ್ಲಿಗೆ ಮಾದಪ್ಪ ಜಂಗಮನ ವೇಷದಲ್ಲಿ ಬರುತ್ತಾನೆ. ಬಂದವನು ಸಾಕ್ಷಾತ್ ದೇವರು, ಏಳು ಮಲೆಯ ಒಡೆಯ. ಆದರೂ ಆ ಸಾಲಿನ ಹೆಸರು ಅವಳದು. ರಾತ್ರಿಯೆಲ್ಲ ಹಾಡುವುದು ಅವಳ ಪಾಡನ್ನು. ನಮ್ಮ ನೆಲದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಹೋದ ಕಥೆಯನ್ನು ಹೀಗೆ ಹೇಳುತ್ತಾ ಬಂದಿದ್ದಾರೆ. ನಾನು ಅದನ್ನು ಕೇಳಿಕೊಂಡು ಬೆಳೆದವನು, ಎಂ.ಎ.ಯಲ್ಲಿ ಅದರ ಮೇಲೆ ಪರೀಕ್ಷೆ ಬರೆದವನು. ಬರೆಯಲು ಕೂತಾಗ ಮಾತ್ರ, ದೇವರೂ ಬಿಟ್ಟುಕೊಟ್ಟ ಜಾಗವನ್ನು ನಾನೇ ಹಿಡಿದು ಕೂತೆ.

ಪ್ರಬಂಧ ಬರೆಯುವ ನನ್ನ ವಾರಿಗೆಯವರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಯಾವುದೇ ಊರಿನ ಗೆಳೆಯನ ಬಗ್ಗೆ ಬರೆಯುವ ಮೊದಲು ಅವರು ಎಲ್ಲಿ ಮಲಗಿದರು ಎಂದು ಕೇಳಿ. ಬರ್ಲಿನ್ನಿನಲ್ಲೋ ಸಿಂಗಪುರದಲ್ಲೋ ನಿಮ್ಮ ಗೆಳೆಯನಿಗೆ ನಿಜವಾಗಿಯೂ ಮನೆಯಿರಬಹುದು, ಮನೆಯಲ್ಲಿ ನಿಮಗೆಂದೇ ಒಂದು ಕೋಣೆಯೂ ಇರಬಹುದು. ಆಗಲೂ ಕೇಳಿ. ಆ ಮನೆಯ ಸಾಲ ಎಷ್ಟು, ಅವರ ವೀಸಾ ಯಾವ ತಿಂಗಳಿಗೆ ಮುಗಿಯುತ್ತದೆ, ಅಪ್ಪ ತೀರಿಕೊಂಡಾಗ ಬರಲಿಕ್ಕಾಯಿತೇ, ಮಕ್ಕಳು ಯಾವ ಭಾಷೆಯಲ್ಲಿ ಕನಸು ಕಾಣುತ್ತಾರೆ. ನಿಮ್ಮ ಟಿಕೇಟಿಗೆ ಯಾರು ದುಡ್ಡು ಕೊಟ್ಟರು ಎಂಬುದನ್ನೂ ಒಂದು ವಾಕ್ಯದಲ್ಲಿ ಬರೆಯಿರಿ. ಗೆಳೆಯ ಬೇಡ ಅಂದದ್ದನ್ನು ಬರೆಯಬೇಡಿ. ಆದರೆ ಅವನು ಹೇಳದ್ದಕ್ಕೂ ನೀವು ಕೇಳದ್ದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಮರ್ಯಾದೆ ಎಂದು ಹೆಸರಿಡಬೇಡಿ.

ಅವತ್ತು ರಾತ್ರಿ ಅವನ ಹಟ್ಟಿಯಲ್ಲಿ ಮುದ್ದೆ ಉಂಡು ಜಗುಲಿಯ ಮೇಲೆ ಕೂತಿದ್ದೆವು. ಅವನು ಹೇಳಿದ. ಮನೆ ಇಲ್ಲ ಅವ್ವ, ಒಂದು ಕೋಣೆ, ಎಂಟು ಜನ ಇದ್ದೀವಿ, ನನಗೆ ಒಂದು ಮಂಚ. ನಾನು ತಲೆ ತಗ್ಗಿಸಿ ಕೂತಿದ್ದೆ. ಅವರು ಅಳುತ್ತಾರೆ ಅಂದುಕೊಂಡಿದ್ದೆ.

“ಎಂಟ್ ಜನ ಅವ್ರಾ?” ಅಂದರು. “ಸದ್ಯ. ಒಬ್ನೇ ಇದ್ಯಲ್ಲಾ ಅಂತ ನಂಗ ರಾತ್ರ ನಿದ್ದ ಬತ್ತಿರ್ನಿಲ್ಲ.”

ಆಮೇಲೆ ಶುರುವಾಯಿತು ವಿಚಾರಣೆ. ಅವರೆಲ್ಲ ಯಾವೂರವರು? ಮದುವೆಯಾದವರು ಎಷ್ಟು ಜನ? ಅಡುಗೆ ಒಟ್ಟಿಗೋ, ಬೇರೆ ಬೇರೆಯೋ? ಜ್ವರ ಬಂದರೆ ಯಾರು ಗಂಜಿ ಕಾಸುವುದು? ನಿನ್ನದು ಕೆಳಗಿನ ಮಂಚವೋ ಮೇಲಿನದೋ? ಗೆಳೆಯ ಬೆರಳು ಮಡಿಸುತ್ತಾ ಒಬ್ಬೊಬ್ಬರ ಬಗ್ಗೆ ಹೇಳುತ್ತಾ ಹೋದ. ಒಬ್ಬ ಕಾಸರಗೋಡಿನವನು, ಇಬ್ಬರು ನೆಲ್ಲೂರಿನ ಕಡೆಯವರು, ಬಾಂಗ್ಲಾದ ಸಿಲ್ಹೆಟ್ಟಿನವನೊಬ್ಬ, ಪೇಶಾವರದ ಒಬ್ಬ ಡ್ರೈವರ್, ನೇಪಾಳದ ಅಣ್ಣ ತಮ್ಮ. ಜ್ವರ ಬಂದಾಗ ಗಂಜಿ ಕಾಸಿದ್ದು ಪೇಶಾವರದವನಂತೆ. ಪಿಎಚ್.ಡಿ. ಮಾಡುತ್ತಿರುವ ನಾನು ಮೂರು ದಿನ ಅವರ ನಡುವೆ ಮಲಗೆದ್ದು ಕೇಳದ ಪ್ರಶ್ನೆಗಳನ್ನೆಲ್ಲ ಆ ತಾಯಿ ಕಾಲು ಗಂಟೆಯಲ್ಲಿ ಕೇಳಿ ಮುಗಿಸಿದರು.

ರಜೆ ಮುಗಿದು ಅವನು ಹೊರಡುವ ಹಿಂದಿನ ದಿನ ಮತ್ತೆ ಹೋಗಿದ್ದೆ. ಅವರು ಕಜ್ಜಾಯ ಮಾಡಿ ಡಬ್ಬಿಗೆ ತುಂಬುತ್ತಿದ್ದರು. ಒಬ್ಬೊಬ್ಬರಿಗೆ ನಾಲ್ಕರಂತೆ ಎಣಿಸಿ, ಮೂವತ್ತೆರಡು. ಕೊನೆಯ ಪದರ ಇಡುವಾಗ ನನ್ನ ಕಡೆ ತಿರುಗಿ ಕೇಳಿದರು:

“ನೀನೂ ಇದ್ದಲ್ಲಪ್ಪ ಅಲ್ಲಿ ಮೂರು ದಿನ. ಅವ್ರೊಳ್ಗ ಸಕ್ರೆ ಕಾಯ್ಲೆ ಇರೋರು ಯಾರಾರ ಅವ್ರಾ?”

ನನಗೆ ಗೊತ್ತಿರಲಿಲ್ಲ.